ಅಳಿಸುವ ಕೋಣೆ

ಮನಾಮಾದ ಗುದೈಬಿಯಾದಲ್ಲಿ, ಶವರ್ಮಾ ಅಂಗಡಿಯ ಮೇಲಿನ ಮಹಡಿ,
ಹಲ್ಲಿನ ಡಾಕ್ಟರ ಪಕ್ಕದ ಬಾಗಿಲು.
ಹನ್ನೊಂದು ವರ್ಷದಿಂದ ಇಲ್ಲಿ ನಾನು
ಜನ ಹೊಯ್ಸಿಕೊಂಡದ್ದನ್ನು ತೆಗೆಯುತ್ತೇನೆ.

ಮೊದಲು ಕಪ್ಪು ಕನ್ನಡಕ, ಅವರಿಗೊಂದು, ನನಗೊಂದು.
ಆಮೇಲೆ ಟಪ್, ಟಪ್,
ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ.
ಸುಟ್ಟ ಕೂದಲ ವಾಸನೆ.
ಅಕ್ಷರದ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ,
ತುಸು ಹೊತ್ತಿಗೆ ಇಂಗುತ್ತದೆ.
ಹಾಕಿಸಿಕೊಂಡಾಗ ಇಷ್ಟು ನೋವಿರಲಿಲ್ಲ
ಎನ್ನುತ್ತಾರೆ ಎಲ್ಲರೂ.
ನಿಜವಿರಬೇಕು. ಆಗ ಜೊತೆಗೆ ಯಾರೋ ಇದ್ದರು.

ಯಾಕೆ ಹಾಕಿಸಿದಿರಿ ಎಂದು ನಾನು ಕೇಳುವುದಿಲ್ಲ.
ಫಾರ್ಮಿನಲ್ಲಿ ಆ ಕಾಲಂ ಇಲ್ಲ:
ಬಣ್ಣ, ಅಳತೆ, ಎಷ್ಟು ಹಳೆಯದು, ಸಕ್ಕರೆ ಕಾಯಿಲೆ ಉಂಟೇ.
ಆದರೂ ಮಲಗಿದವರು ಚಾವಣಿಗೆ ಹೇಳಿಕೊಳ್ಳುತ್ತಾರೆ.
ಗೆಳತಿ ಹಾಕಿಸಿದಳು, ಅದಕ್ಕೆ.
ಅಪ್ಪ ಬೇಡ ಅಂದಿದ್ದ, ಅದಕ್ಕೆ.
ಹಡಗು ತಡವಾಗಿತ್ತು, ಬಂದರಿನಲ್ಲಿ
ಬೇರೇನಿತ್ತು ಮಾಡಲು?

ಮಾರಿವಿಕ್, ಮುಹರಕ್‌ನ ಮನೆಯೊಂದರಲ್ಲಿ ಆಯಾ.
ಭುಜದ ಮೇಲೆ ಗಂಡನ ಹೆಸರು.
ಮೂರು ಸಲ ಬಂದಳು, ಮೊದಲರ್ಧ ಮಾಸಿತು.
ನಾಲ್ಕನೆಯದಕ್ಕೆ ಫೋನು ಮಾಡಿದರೆ,
ಸಾಕು ಬಿಡಿ ಸಿಸ್ಟರ್, ಅವನೂ ಅರ್ಧವೇ ಬಿಟ್ಟು ಹೋದದ್ದು,
ತಿಂಗಳ ಮೊದಲ ವಾರ ದುಡ್ಡು ಕೇಳುತ್ತಾನೆ.

ಉಮ್ಮ್ ಜಾಸಿಮ್‌ಳನ್ನು ಮೊಮ್ಮಗಳು ಕರೆತಂದಳು.
ಬಸ್ರಾ ಕಡೆಯ ಹುಟ್ಟು. ಗದ್ದದ ಮೇಲೆ ಮೂರು ನೀಲಿ ಚುಕ್ಕೆ,
ಒಂದು ಸುಕ್ಕಿನಲ್ಲಿ ಅಡಗಿತ್ತು.
ಹರಾಮು, ಕಣ್ಣು ಮುಚ್ಚುವ ಮೊದಲು ತೆಗೆಸಿಬಿಡು
ಎಂದು ಮನೆಯವರ ಒತ್ತಾಯ.
ಮುದುಕಿ ಚುಕ್ಕೆ ಮುಟ್ಟಿ 'ದಕ್ಕ್' ಅಂದಳು.
ನನಗೆ ದಕ್ಕು ಎಂದು ಕೇಳಿಸಿತು.
ಅವರ ಮಾತಿನಲ್ಲಿ ಅದು ಕುಟ್ಟುವುದು,
ಸೂಜಿಯಲ್ಲಿ ಮಸಿ ಕುಟ್ಟುವುದು.
ಮೂರು ಕೂಸು ಹೋದ ಮೇಲೆ ಹುಟ್ಟಿದವಳಂತೆ,
ಇದೊಂದಾದರೂ ಉಳಿಯಲಿ ಎಂದು ತಾಯಿ ಕುಟ್ಟಿಸಿದ್ದಂತೆ.
ನನ್ನ ಅರಬಿ ಅಷ್ಟೇನೂ ಕೆಟ್ಟಿಲ್ಲ.
ಚರ್ಮ ತೆಳು, ಯಂತ್ರ ತಡೆಯದು
ಎಂದು ಮೊಮ್ಮಗಳಿಗೆ ಸುಳ್ಳು ಹೇಳಿದೆ.
ಮುದುಕಿ ಕಪ್ಪು ಕನ್ನಡಕ ಕೊಡದೆ
ಹಾಕಿಕೊಂಡೇ ಲಿಫ್ಟಿನ ತನಕ ಹೋದಳು.

ನನ್ನ ಮೊಣಕೈಯ ಒಳಗೂ ಒಂದು ಚೇಳಿದೆ.
ಎಂಟು ವರ್ಷದವಳಿದ್ದಾಗ, ಸೇರು ಜೋಳಕ್ಕೆ.
ಕೊಂಡಿ ಸೊಟ್ಟ: ನಾನು ಕೈ ಎಳೆದುಕೊಂಡಿದ್ದೆ.
ಉದ್ದ ತೋಳಿನ ಕೋಟು ಹಾಕುತ್ತೇನೆ,
ಅಳಿಸುವವಳದೇ ಹಾಗಿದ್ದರೆ ವ್ಯಾಪಾರ ಕೆಡುತ್ತದೆ.
ಬೇಸರವಿದೆಯೇ? ಕೆಲವು ದಿನ.
ಹಚ್ಚೆ, ಹಚ್ಚಿಕೊಳ್ಳುವುದು,
ಎರಡಕ್ಕೂ ಒಂದೇ ಬೇರೋ ಏನೋ,
ಮೇಷ್ಟರು ಇದ್ದಿದ್ದರೆ ಕೇಳಬಹುದಿತ್ತು.

ಯಮನೂರಪ್ಪ ಬಂದದ್ದು ಶುಕ್ರವಾರ.
ಹೂಳೆತ್ತುವ ಹಡಗಿನವನು.
ಅಂಗಿ ಎತ್ತಿದರೆ ಪಕ್ಕೆಲುಬಿನ ಮೇಲೆ ಪೂರಾ ವಿಳಾಸ,
ತನ್ನ ಹೆಸರು, ತಂದೆಯ ಹೆಸರು, ಅಂಚೆ,
ತಾಲೂಕಿನ ಹೆಸರಲ್ಲಿ ಒಂದು ಒತ್ತು ತಪ್ಪು.
'ಹಡಗದಾಗ ಒಬ್ಬಾಂವ ನೀರಿಗೆ ಬಿದ್ದಿದ್ದರಿ ಅಕ್ಕಾರ,
ಒಂಬತ್ತ ದಿನಕ್ಕ ಸಿಕ್ಕ. ಯಾ ಊರಾಂವ ಅಂತ
ಹೇಳಾಕ ಮಾರಿ ಇರಲಿಲ್ಲ.'
ಅವನ ಊರು ಈಗ ಆಣೆಕಟ್ಟಿನ ಹಿನ್ನೀರಿನಲ್ಲಿದೆ.
ಹೊಸ ಜಾಗ, ಅದೇ ಹೆಸರು, ಪಿನ್ ಕೋಡ್ ಮಾತ್ರ ಬೇರೆ.
'ಉಳದದ್ದೆಲ್ಲಾ ಇರ್ಲಿ, ಪಿನ್ ಅಷ್ಟ ತಗೀರಿ.'

ಅಳತೆಗೆ ದರ. ಆರು ಅಂಕಿಗೆ ತೊಂಬತ್ತು ದಿನಾರು.
ಅವನಲ್ಲಿದ್ದದ್ದು ನಲವತ್ತೈದು.
ಬೆರಳು ಮಡಿಚಿ ಲೆಕ್ಕ ಹಾಕಿದ.
'ಹಂಗಾರ ಹಿಂದಿನ ಮೂರು ತಗೀರಿ.
ಐದು ಎಂಟು ಏಳು ಇದ್ದರ ಜಿಲ್ಲಾ ತನಕ ಮುಟ್ಟತೇನಿ,
ಅಲ್ಲಿಂದ ಯಾರರ ಗುರುತು ಹಿಡಿತಾರ.'

ಮಲಗಿದ ಮೇಲೆ ಕೇಳಿದ, ಮಸಿ ಎಲ್ಲಿಗೆ ಹೋಗತೈತ್ರಿ?
ಎಲ್ಲಿಗೂ ಇಲ್ಲ, ಒಡೆದು ಚೂರಾಗುತ್ತದೆ,
ಮೈ ಅದನ್ನು ಹೊತ್ತು ಕಂಕುಳ ಗಂಟಿನಲ್ಲಿ ಇಟ್ಟುಕೊಳ್ಳುತ್ತದೆ,
ಹೊರಗೆ ಕಾಣುವುದಿಲ್ಲ, ಅಷ್ಟೇ ಎಂದೆ.

'ಅಂದ್ರ ನಮ್ಮೂರಂಗ' ಅಂದ.

ಇಬ್ಬರೂ ಕನ್ನಡಕ ಹಾಕಿಕೊಂಡೆವು.